ಜೆಟ್ ಸ್ಕೀಯಲ್ಲಿ ಚೋಕ್ ತೆಗೆದು ಪ್ರೈಮರ್ ಕೂರಿಸುವುದು ಹೇಗೆ?

“ಚೋಕ್ ಎಳೆದು ಎಳೆದು ಬ್ಯಾಟರಿನೇ ಮಲಗುತ್ತೆ. ಪ್ರೈಮರ್ ಹಾಕಿಬಿಡ್ಲಾ?” ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರು ಹೆಚ್ಚಾಗಿ ಅಮೆರಿಕ, ಕೆನಡಾದಲ್ಲಿರುವ ನಮ್ಮವರು. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೇ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಬೈಕಿನಂಥ ವಾಹನ) ಕೊಂಡು, ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಮಲಗಿದ್ದ ಅದನ್ನು ಎಬ್ಬಿಸಲು ಹೋಗಿ ಸುಸ್ತಾದವರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಪ್ರೈಮರ್, ಅಂದರೆ ಎಂಜಿನ್‌ಗೆ ಕೈಯಿಂದ ಪೆಟ್ರೋಲ್ ಚಿಮ್ಮಿಸುವ ಪಂಪು ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಚೋಕ್ ತೆಗೆದ ಮೇಲೆ ಉಳಿಯುವ ತೂತುಗಳಿವೆ, ಹೊಸದಾಗಿ ಹಾಕುವ ಜಾಯಿಂಟುಗಳಿವೆ. ಅವುಗಳಲ್ಲಿ ಗಾಳಿ ಆಡದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಎಂಜಿನ್ ಹಾಳಾಗುವುದೂ ಅಲ್ಲೇ ಎಡವಿದರೆ. ಹಾಗಾಗಿ ಕೆಳಗೆ ಪಂಪಿನ ಬಗ್ಗೆ ಕಡಿಮೆ, ಗಾಳಿಯ ಬಗ್ಗೆ ಜಾಸ್ತಿ ಇದೆ.

ಯಾವ ಸ್ಕೀಗೆ ಇದು?

ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್‌ಗಳಿಗೆ ಮಾತ್ರ. ಉದಾಹರಣೆಗೆ ಯಮಹಾ ಸೂಪರ್‌ಜೆಟ್ ಹಿಡಿದಿದ್ದೇನೆ. ನಿಂತು ಓಡಿಸುವ ಈ ಸ್ಕೀ 1990ರಿಂದ 2020ರವರೆಗೂ ಟೂ ಸ್ಟ್ರೋಕ್ ಆಗಿಯೇ ಬಂತು, 2021ರಲ್ಲಿ ಫೋರ್ ಸ್ಟ್ರೋಕ್ ಆಯಿತು. 1996ರಿಂದ ಅದರ 701 ಸಿಸಿ ಎಂಜಿನ್‌ಗೆ 38 ಎಂಎಂನ ಎರಡು ಮಿಕುನಿ ಕಾರ್ಬ್‌ಗಳು. ಹಳೇ ಕವಾಸಾಕಿ, ಹಳೇ ಸೀ-ಡೂಗಳಲ್ಲಿ ಕಾರ್ಬಿನ ಆಕಾರ ಬೇರೆ ಇರಬಹುದು, ಕೆಲಸದ ಕ್ರಮ ಇದೇ. (ಅಂದಹಾಗೆ ಜೆಟ್ ಸ್ಕೀ ಅನ್ನುವುದು ಕವಾಸಾಕಿಯ ಬ್ರ್ಯಾಂಡ್ ಹೆಸರು. ಫೋಟೊಕಾಪಿಗೆಲ್ಲ ಜೆರಾಕ್ಸ್ ಅನ್ನುವ ನಮಗೆ ಅದೇನೂ ದೊಡ್ಡ ವಿಷಯವಲ್ಲ ಬಿಡಿ.)

ನಿಮ್ಮದು ಫ್ಯೂಯೆಲ್ ಇಂಜೆಕ್ಷನ್ ಇರುವ ಸ್ಕೀ ಆಗಿದ್ದರೆ ಅದರಲ್ಲಿ ತೆಗೆಯಲು ಚೋಕೇ ಇಲ್ಲ. ಸ್ಟಾರ್ಟಿಂಗ್ ತೊಂದರೆ ಇದ್ದರೆ ಕಾರಣ ಬೇರೆ ಕಡೆ ಹುಡುಕಿ.

ಚೋಕ್ ಏನು ಮಾಡುತ್ತೆ, ಪ್ರೈಮರ್ ಏನು ಮಾಡುತ್ತೆ?

ತಣ್ಣಗಿರುವ ಎಂಜಿನ್‌ಗೆ ಶುರುವಿನಲ್ಲಿ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಬೇಕು. ಚೋಕ್ ಎಂದರೆ ಕಾರ್ಬಿನ ಬಾಯಲ್ಲಿರುವ ಒಂದು ದುಂಡನೆಯ ತಗಡು. ಗುಂಡಿ ಎಳೆದರೆ ಅದು ಬಾಯಿ ಮುಚ್ಚುತ್ತದೆ. ಗಾಳಿ ಸಿಗದ ಎಂಜಿನ್ ಜೋರಾಗಿ ಹೀರುತ್ತದೆ, ಆಗ ಕಾರ್ಬಿನೊಳಗಿನ ಸಣ್ಣ ರಂಧ್ರಗಳಾದ ಜೆಟ್‌ಗಳಿಂದ ಪೆಟ್ರೋಲ್ ಜಾಸ್ತಿ ಬರುತ್ತದೆ.

ಪ್ರೈಮರ್ ಇದರ ಉಲ್ಟಾ. ಗಾಳಿಯ ತಂಟೆಗೆ ಹೋಗುವುದಿಲ್ಲ. ಕೈಪಂಪಿನಿಂದ ಟ್ಯಾಂಕಿನ ಪೆಟ್ರೋಲನ್ನು ನೇರವಾಗಿ ಕಾರ್ಬಿನ ಗಂಟಲಿಗೆ ಚಿಮ್ಮಿಸುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಬಿನ ಮೇಲಿನ ಪುಟ್ಟ ಟಿಕ್ಲರ್ ಗುಂಡಿ ಒತ್ತಿ, ಪೆಟ್ರೋಲ್ ಜಿನುಗಿದ ಮೇಲೆ ಕಿಕ್ ಹೊಡೆಯುತ್ತಿದ್ದೆವು, ಅಲ್ವಾ? ಹತ್ತಿರಹತ್ತಿರ ಅದೇ ಉಪಾಯ.

ಸ್ಕೀಯಲ್ಲಿ ಪ್ರೈಮರ್‌ಗೆ ಇನ್ನೊಂದು ಲಾಭವಿದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಬೈಕಿನ ಕಾರ್ಬಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿರುತ್ತದೆ. ಸ್ಕೀ ನೀರಿನಲ್ಲಿ ಮಗುಚಿಕೊಳ್ಳುವ ವಸ್ತು, ಹಾಗಾಗಿ ಇದರ ಕಾರ್ಬಿನಲ್ಲಿ ಬಟ್ಟಲಿಲ್ಲ. ಬದಲಿಗೆ ರಬ್ಬರ್ ಪೊರೆ, ಅಂದರೆ ಡಯಾಫ್ರಮ್ ಇರುತ್ತದೆ. ಪೆಟ್ರೋಲ್ ಎತ್ತುವ ಪಂಪು ಕೂಡ ಎಂಜಿನ್ ತಿರುಗಿದಾಗ ಕ್ರ್ಯಾಂಕ್‌ಕೇಸಿನಲ್ಲಿ (ಪಿಸ್ಟನ್ ಕೆಳಗಿನ ಪೆಟ್ಟಿಗೆ) ಏಳುವ ಒತ್ತಡದ ಮಿಡಿತದಿಂದಲೇ ನಡೆಯುತ್ತದೆ. ತಿಂಗಳುಗಟ್ಟಲೆ ನಿಂತ ಸ್ಕೀಯಲ್ಲಿ ಪೈಪು ಒಣಗಿರುತ್ತದೆ. ಪೆಟ್ರೋಲ್ ಬರಬೇಕಾದರೆ ಎಂಜಿನ್ ತಿರುಗಬೇಕು, ಎಂಜಿನ್ ಹೊತ್ತಿಕೊಳ್ಳಬೇಕಾದರೆ ಪೆಟ್ರೋಲ್ ಬರಬೇಕು. ಇಷ್ಟೂ ಹೊತ್ತು ತಿರುಗಿಸುವುದು ಪಾಪ ಆ ಸಣ್ಣ ಬ್ಯಾಟರಿ. ಪೈಪಿನಲ್ಲಿ ಪೆಟ್ರೋಲೇ ಇಲ್ಲದಿದ್ದಾಗ ಚೋಕ್ ಎಷ್ಟು ಎಳೆದರೂ ಏನು ಬಂದ ಹಾಗಾಯಿತು? ಏರ್ ಹಿಡಿದ ಪಂಪ್‌ಸೆಟ್‌ಗೆ ಕೈಯಿಂದ ನೀರು ತುಂಬಿ ಎಬ್ಬಿಸುತ್ತೇವಲ್ಲ, ಪ್ರೈಮರ್ ಎಂಜಿನ್‌ಗೆ ಹಾಗೆ.

ನಿಜವಾಗಿ ಬೇಕಾ?

ಕೇಬಲ್ ಸಲೀಸಾಗಿ ಎಳೆಯುತ್ತದೆ, ಎರಡು ಮೂರು ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ ಎಂದಾದರೆ ಸುಮ್ನೆ ಕೈ ಹಾಕಬೇಡಿ. ಚೋಕ್ ತಗಡು ಹೋದರೆ ಗಾಳಿಯ ದಾರಿ ಸ್ವಲ್ಪ ಸರಾಗ ಆಗುವುದು ನಿಜ. ಆದರೆ ಸ್ಟಾಕ್ ಎಂಜಿನ್‌ನಲ್ಲಿ ಆ ವ್ಯತ್ಯಾಸ ನಿಮ್ಮ ಅನುಭವಕ್ಕೆ ಬರುವುದಿಲ್ಲ.

ಮಾಡಲೇಬೇಕಾದ ಕಾರಣಗಳು ನನಗೆ ಕಂಡಂತೆ ಮೂರು. ಕೇಬಲ್ ತುಕ್ಕು ಹಿಡಿದು ಜಾಮ್ ಆಗಿರುವುದು ಒಂದು. ಹೊರಗಿನ ಕಂಪನಿಯ ಫ್ಲೇಮ್ ಅರೆಸ್ಟರ್ (ಕಾರ್ಬಿನ ಬಾಯಿಗೆ ಹಾಕುವ ಬೆಂಕಿ ತಡೆಯುವ ಜಾಲರಿ) ಹಾಕಿದಾಗ ಚೋಕ್‌ಗೆ ಜಾಗವೇ ಇಲ್ಲದಿರುವುದು ಇನ್ನೊಂದು. ಮೂರನೆಯದು ಭಯದ್ದು: ಚೋಕ್ ತಗಡನ್ನು ಅದು ತಿರುಗುವ ದಂಡಕ್ಕೆ ಹಿಡಿದಿಟ್ಟಿರುವುದು ಎರಡು ಪುಟ್ಟ ಸ್ಕ್ರೂ. ವರ್ಷಾನುಗಟ್ಟಲೆ ಅದುರಿ ಅದುರಿ ಒಂದು ಸಡಿಲವಾದರೆ ಬೀಳುವುದು ಎಲ್ಲಿಗೆ? ನೇರ ಎಂಜಿನ್ ಒಳಗೆ. ರೀಡ್ ವಾಲ್ವ್ (ಗಾಳಿ, ಪೆಟ್ರೋಲನ್ನು ಒಳಕ್ಕೆ ಮಾತ್ರ ಬಿಡುವ ಕವಾಟ) ದಾಟಿ ಕ್ರ್ಯಾಂಕ್‌ಗೆ, ಪಿಸ್ಟನ್‌ಗೆ ಸಿಕ್ಕಿತೋ, ಕಥೆ ಮುಗಿಯಿತು.

ಸ್ಟಾರ್ಟ್ ಆಗದ ಸ್ಕೀಗೆಲ್ಲ ಪ್ರೈಮರ್ ಮದ್ದಲ್ಲ. ಮೊದಲು ಕಂಪ್ರೆಷನ್ ಗೇಜ್ ಹಾಕಿ ನೋಡಿ, ಎರಡೂ ಸಿಲಿಂಡರ್‌ಗಳ ಅಂಕಿ ಹತ್ತಿರಹತ್ತಿರ ಇರಬೇಕು. ಪೆಟ್ರೋಲಿನ ನಲ್ಲಿ (ಟ್ಯಾಪ್), ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿ. 90ರ ದಶಕದ ಕೆಲವು ಸ್ಕೀಗಳ ಬೂದು ಬಣ್ಣದ ಪೈಪುಗಳು ಒಳಗೇ ಕರಗಿ ಹಸಿರು ಲೋಳೆಯಾಗಿ ಕಾರ್ಬಿನ ಜಾಲರಿಯನ್ನು ಕಟ್ಟಿಬಿಡುತ್ತವೆ. ಅಂಥದ್ದಕ್ಕೆ ಪ್ರೈಮರ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ನಿಜ. ಆಮೇಲೆ ಪೆಟ್ರೋಲ್ ಸಾಲದೆ ಓಡಿ ಓಡಿ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ರೋಗ ಮುಚ್ಚಿಟ್ಟ ಹಾಗೆ.

ಏನೇನು ಬೇಕು?

ಪ್ರೈಮರ್ ಕಿಟ್ ಕೊಳ್ಳುವಾಗ ಒಂದು ಕಾರ್ಬಿನದೋ ಎರಡು ಕಾರ್ಬಿನದೋ ನೋಡಿ ಕೊಳ್ಳಿ. ಎರಡು ಕಾರ್ಬಿನ ಕಿಟ್‌ನಲ್ಲಿ ಕೈಪಂಪು, ಸಣ್ಣ ಪೈಪು, ಎರಡು ಹಿತ್ತಾಳೆ ನಾಜಲ್ (ಪೆಟ್ರೋಲ್ ಚಿಮ್ಮುವ ಮೂತಿ), T ಆಕಾರದ ಟೀ ಜಾಯಿಂಟ್‌ಗಳು ಇರಬೇಕು. ಗುಂಡಿ ತಿರುಗಿಸಿ ಲಾಕ್ ಮಾಡುವಂಥ ಪಂಪು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಉಳಿದವು:

- ಚೋಕ್ ದಂಡದ ತೂತು ಮುಚ್ಚುವ ಅಲ್ಯೂಮಿನಿಯಂ ಪ್ಲಗ್‌ಗಳು (ನಿಮ್ಮ ಕಾರ್ಬಿನ ಅಳತೆಯವು)
- ಪೆಟ್ರೋಲ್ ತಡೆಯುವ ಎಪಾಕ್ಸಿ ಅಂಟು, ಗಟ್ಟಿ ಹಿಡಿತದ ಥ್ರೆಡ್ ಲಾಕರ್
- ಕಾರ್ಬ್ ಕೂರಿಸುವ ಹೊಸ ಗ್ಯಾಸ್ಕೆಟ್
- ಮುಖ್ಯ ಪೈಪಿಗೆ ಕಾಲು ಇಂಚಿನ, ಪ್ರೈಮರ್‌ಗೆ 1/8 ಇಂಚಿನ ಪೆಟ್ರೋಲ್ ಪೈಪು, ಸಣ್ಣ ಕ್ಲಿಪ್‌ಗಳು, ಒಂದು ಪುಟ್ಟ ಇನ್‌ಲೈನ್ ಫಿಲ್ಟರ್
- ಡ್ರಿಲ್, ಸಣ್ಣ ಅರ ಅಥವಾ ಕೈ ಗ್ರೈಂಡರ್, ಒಳ್ಳೇ ಸ್ಕ್ರೂ ಡ್ರೈವರ್, ಎಂಎಂ ಸ್ಪ್ಯಾನರ್ ಸೆಟ್
- ಬೆಂಕಿ ಆರಿಸುವ ಸಿಲಿಂಡರ್

ಅಕ್ವೇರಿಯಂ ಪೈಪು ನೋಡಲು ಹಾಗೇ ಇದೆ, ಅಗ್ಗ ಕೂಡ. ಬೇಡ. ಎಥನಾಲ್ ಸೇರಿದ ಪೆಟ್ರೋಲಿಗೆ ಅದು ಕೆಲವೇ ದಿನದಲ್ಲಿ ಬಳೆಯಂತೆ ಗಟ್ಟಿಯಾಗಿ ಚಟ್ ಅನ್ನುತ್ತದೆ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಕೂಡ ಪೆಟ್ರೋಲಿಗೆ ಉಬ್ಬಿ ಕಳಚಿಕೊಳ್ಳುತ್ತದೆ.

1. ಮೊದಲು ಬೆಂಕಿಯ ದಾರಿ ಮುಚ್ಚಿ

ಸ್ಕೀಯನ್ನು ಬಯಲಿಗೆ ತನ್ನಿ. ಹುಡ್ ತೆಗೆದು ಹತ್ತಿಪ್ಪತ್ತು ನಿಮಿಷ ಹಾಗೇ ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ಸ್ಕೀಯ ಹೊಟ್ಟೆಯ ತಳದಲ್ಲೇ ಕೂತಿರುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ. ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ಒತ್ತಡ ಬಿಟ್ಟು ಮತ್ತೆ ಮುಚ್ಚಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಕೆಲಸ ಸುಲಭ.

2. ಕಾರ್ಬ್ ಇಳಿಸಿ

ಫ್ಲೇಮ್ ಅರೆಸ್ಟರ್ ತೆಗೆಯಿರಿ. ಕಾರ್ಬಿನ ಬಾಯಿಗಿರುವ ಲೋಹದ ಜಾಲರಿ ಅದು. ಎಂಜಿನ್ ಹಿಂದಕ್ಕೆ ಬೆಂಕಿ ಉಗುಳಿದರೆ ತಡೆಯುವುದು ಅದರ ಕೆಲಸ. ಆಮೇಲೆ ಥ್ರಾಟಲ್ (ಆಕ್ಸಿಲರೇಟರ್) ಕೇಬಲ್, ಚೋಕ್ ಕೇಬಲ್, ಪೆಟ್ರೋಲ್ ಪೈಪುಗಳು, ಕ್ರ್ಯಾಂಕ್‌ಕೇಸಿನ ಮಿಡಿತ ತರುವ ಪಲ್ಸ್ ಪೈಪು. ಪ್ರತಿ ಪೈಪು ಬಿಚ್ಚುವ ಮೊದಲು ಬಣ್ಣದ ಟೇಪ್ ಸುತ್ತಿ, ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬರುವ ಪೈಪು, ವಾಪಸ್ ಹೋಗುವ ಪೈಪು, ಪಲ್ಸ್ ಪೈಪು ಮೂರೂ ನೋಡಲು ಒಂದೇ ಥರ. ನಾಳೆ ನೆನಪಿರುತ್ತೆ ಅಂದುಕೊಂಡರೆ ಕೆಟ್ಟಿರಿ.

ಕಾರ್ಬ್ ಇಳಿದ ಮರುಕ್ಷಣ ಎಂಜಿನ್‌ನ ಬಾಯಿಗಳಿಗೆ ಶುದ್ಧ ಬಟ್ಟೆ ತುರುಕಿ. ದಾರ ಬಿಡುವ ಹಳೇ ಬನಿಯನ್ ಬೇಡ.

ಕಾರ್ಬನ್ನು ಸ್ಕೀಯ ಮೇಲೇ ಇಟ್ಟುಕೊಂಡು ಡ್ರಿಲ್ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ಬೇಡ.

3. ಚೋಕ್ ತೆಗೆಯಿರಿ

ತಾಳ್ಮೆ ಬೇಕಾದ ಹಂತ ಇದು. ತಗಡಿನ ಎರಡು ಸ್ಕ್ರೂಗಳು ಬಿಚ್ಚಿಕೊಳ್ಳಬಾರದೆಂದು ಕಾರ್ಖಾನೆಯಲ್ಲೇ ಅವುಗಳ ಹಿಂಭಾಗದ ತುದಿಯನ್ನು ಜಜ್ಜಿ ಅಗಲ ಮಾಡಿರುತ್ತಾರೆ. ಗೊತ್ತಿಲ್ಲದೆ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ, ಇಲ್ಲವೇ ಸ್ಕ್ರೂ ತುಂಡಾಗುತ್ತದೆ. ದಂಡವನ್ನು ತಿರುಗಿಸಿ ಸ್ಕ್ರೂವಿನ ಬಾಲ ನಿಮ್ಮ ಕಡೆ ಬರುವಂತೆ ಮಾಡಿ. ಅಗಲವಾದ ಭಾಗವನ್ನು ಅರದಿಂದ ದಂಡದ ಮಟ್ಟಕ್ಕೆ ಉಜ್ಜಿ ತೆಗೆಯಿರಿ. ಆಮೇಲೆ ಸರಿಯಾದ ಅಳತೆಯ ಸ್ಕ್ರೂ ಡ್ರೈವರ್ ಒತ್ತಿ ಹಿಡಿದು ತಿರುಗಿಸಿ. ಮಾತು ಕೇಳುತ್ತದೆ.

ಸ್ಕ್ರೂ ಎರಡು, ತಗಡು ಒಂದು, ಎರಡನೇ ಕಾರ್ಬಿನಲ್ಲೂ ಅಷ್ಟೇ. ತೆಗೆದದ್ದನ್ನು ಎಣಿಸಿ ಒಂದು ತಟ್ಟೆಗೆ ಹಾಕಿ. ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ಮುಂದೆ ಹೋಗುವ ಹಾಗಿಲ್ಲ.

ತಗಡು ಹೊರಬಂದ ಮೇಲೆ ದಂಡ ಎಳೆಯಬೇಕು. ನಿಲ್ಲಿ. ಚೋಕ್ ಎಳೆದಾಗ ಟಕ್ ಅಂತ ಒಂದು ಕಡೆ ನಿಲ್ಲುತ್ತಿತ್ತಲ್ಲ? ಅದಕ್ಕೆ ಕಾರಣ ದಂಡಕ್ಕೆ ಒತ್ತಿಕೊಂಡಿರುವ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗು. ದಂಡ ಜಾರಿದ ಕೂಡಲೇ ಆ ಗುಂಡು ಹಾರುತ್ತದೆ. ನಾನು ಮೊದಲ ಸಲ ಬಿಚ್ಚಿದಾಗ ಅರ್ಧ ಗಂಟೆ ಆಯಸ್ಕಾಂತ ಹಿಡಿದು ಗ್ಯಾರೇಜ್ ನೆಲ ಗುಡಿಸಿದ್ದೆ. ಕಾರ್ಬನ್ನು ಒಂದು ಪ್ಲಾಸ್ಟಿಕ್ ಕವರ್ ಒಳಗಿಟ್ಟು ದಂಡ ಎಳೆಯಿರಿ. ಗುಂಡು ಕವರಿನಲ್ಲೇ ಬೀಳುತ್ತದೆ.

ತಗಡು, ದಂಡ, ಸ್ಪ್ರಿಂಗು, ಕೇಬಲ್ ಎಲ್ಲವನ್ನೂ ಒಂದು ಕವರಿಗೆ ಹಾಕಿ ಹೆಸರು ಬರೆದಿಡಿ. ಮಾರುವಾಗ ಅಸಲಿ ಪಾರ್ಟು ಕೇಳುವವರು ಇರುತ್ತಾರೆ.

4. ತೂತು ಮುಚ್ಚಿ, ನಾಜಲ್ ಕೂರಿಸಿ

ದಂಡ ಹೋದ ಮೇಲೆ ಸಾಮಾನ್ಯವಾಗಿ ಒಂದೊಂದು ಕಾರ್ಬಿನಲ್ಲಿ ಎದುರುಬದುರು ಎರಡು ತೂತು ಉಳಿಯುತ್ತವೆ. “ಅವು ಥ್ರಾಟಲ್‌ಗಿಂತ ಮುಂದಿವೆ, ಹಾಗೇ ಬಿಟ್ಟರೂ ಮಿಕ್ಸ್‌ಚರ್ ಕೆಡಲ್ಲ” ಎಂದು ಯಾರಾದರೂ ಹೇಳಬಹುದು. ಮಿಕ್ಸ್‌ಚರ್ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ತೂತಿನಿಂದ ನೀರು ಒಳಗೆ ಹೋಗುತ್ತದೆ, ಪೆಟ್ರೋಲ್ ಹೊರಗೆ ಸಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನ್ ಹಿಂದಕ್ಕೆ ಉಗುಳಿದ ಬೆಂಕಿಗೆ ಫ್ಲೇಮ್ ಅರೆಸ್ಟರ್ ತಪ್ಪಿಸಿಕೊಂಡು ಹೊರಬರಲು ಒಂದು ಕಳ್ಳದಾರಿ ಆಗುತ್ತದೆ. ಅಮೆರಿಕದಲ್ಲಿ ಕೋಸ್ಟ್ ಗಾರ್ಡ್ ಆ ಅರೆಸ್ಟರನ್ನು ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ.

ನಾಜಲ್ ಎಲ್ಲಿ ಕೂರಿಸಬೇಕು ಎಂಬುದಕ್ಕೆ ಎರಡು ಪಂಥಗಳಿವೆ. ಕೆಲವರು ಕಾರ್ಬಿನಿಂದ ಎಂಜಿನ್‌ಗೆ ಹೋಗುವ ದಾರಿಯಾದ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಥ್ರಾಟಲ್ ದಾಟಿದ ಮೇಲೆ, ಕೊರೆಯುತ್ತಾರೆ. ಪೆಟ್ರೋಲ್ ನೇರ ರೀಡ್ ವಾಲ್ವ್‌ಗೆ ಬೀಳುವುದರಿಂದ ಎಂಜಿನ್ ಬೇಗ ಎದ್ದೇಳುತ್ತದೆ. ಆದರೆ ಅಲ್ಲಿ ಎಂಜಿನ್ ಯಾವಾಗಲೂ ಹೀರುತ್ತಿರುತ್ತದೆ. ಪಂಪಿನ ವಾಲ್ವ್ ಚೂರು ಸೋರಿದರೂ ಓಡುವಾಗ ಪೆಟ್ರೋಲ್ ಎಳೆದುಕೊಳ್ಳುತ್ತದೆ. ನಾಜಲ್ ಸುತ್ತ ಕೂದಲೆಳೆಯಷ್ಟು ಸಂದಿ ಬಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದರೆ ಟೂ ಸ್ಟ್ರೋಕ್‌ನಲ್ಲಿ ಆಯಿಲೂ ಕಡಿಮೆ. ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ.

ಮನೆಯಲ್ಲಿ ಮಾಡುವವರು ಕಾರ್ಬಿನ ಬಾಯಿ ಕಡೆ, ಚೋಕ್ ದಂಡ ಇದ್ದ ಜಾಗದಲ್ಲೇ ಕೂರಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಸ್ಟಾರ್ಟ್ ಮಾಡುವಾಗ ಒಂದು ಪಂಪು ಜಾಸ್ತಿ ಬೇಕಾದೀತು, ಅಷ್ಟೇ. ಎರಡು ಕಾರ್ಬಿಗೆ ನಾಲ್ಕು ತೂತು: ಎರಡಕ್ಕೆ ಪ್ಲಗ್, ಎರಡಕ್ಕೆ ನಡುವೆ ನಾಜಲ್ ಹಿಡಿಯುವಷ್ಟು ಕೊರೆದ ಪ್ಲಗ್. ಕಾರ್ಬಿನ ಮೈಗೆ ಹೊಸ ತೂತು ಬೇಕಾಗುವುದಿಲ್ಲ.

ಕೊರೆಯುವ ಬಿಟ್ಟಿನ ಅಳತೆ ಕಿಟ್‌ನ ಚೀಟಿಯಲ್ಲಿರುತ್ತದೆ, ಅಂದಾಜಿಗೆ ಹೋಗಬೇಡಿ. ಬಿಟ್ಟಿನ ತುದಿಗೆ ಗ್ರೀಸ್ ಸವರಿದರೆ ಪುಡಿ ಅದಕ್ಕೇ ಅಂಟುತ್ತದೆ. ಪ್ಲಗ್‌ನ ಮೈ, ತೂತಿನ ಒಳಮೈ ಎರಡನ್ನೂ ಎಣ್ಣೆ ಪಸೆ ಇಲ್ಲದಂತೆ ಒರೆಸಿ ಎಪಾಕ್ಸಿ ಹಚ್ಚಿ ಕೂರಿಸಿ. ಥ್ರೆಡ್ ಇರುವ ನಾಜಲ್ ಆದರೆ ಥ್ರೆಡ್ ಲಾಕರ್. ಒಳಗಡೆ ಯಾವುದೂ ಗಂಟಲಿಗೆ ಚಾಚಿಕೊಂಡಿರಬಾರದು, ಬೆರಳು ಸವರಿದರೆ ಒಂದೇ ಮಟ್ಟ ಇರಬೇಕು. ಗುಂಡು, ಸ್ಪ್ರಿಂಗು ಇದ್ದ ಸಣ್ಣ ತೂತನ್ನು ಮರೆಯಬೇಡಿ. ಅದೂ ಗಂಟಲಿಗೆ ತೆರೆದುಕೊಂಡಿದ್ದರೆ ಮುಚ್ಚಬೇಕು.

ಎಪಾಕ್ಸಿ ಡಬ್ಬಿಯ ಮೇಲೆ 24 ಗಂಟೆ ಎಂದಿದ್ದರೆ 24 ಗಂಟೆ. ಈ ದಿನ ಇಲ್ಲಿಗೆ ನಿಲ್ಲಿಸಿ, ಸ್ನಾನ ಮಾಡಿ ಮಲಗಿ.

ಮರುದಿನ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಕಾರ್ಬಿನ ಗಂಟಲಲ್ಲಿಟ್ಟು ಹೊರಗಿನಿಂದ ನೋಡಿ. ಪ್ಲಗ್ ಸುತ್ತ ಸೂಜಿಮೊನೆಯಷ್ಟು ಬೆಳಕು ಕಂಡರೂ ಮತ್ತೆ ಮುಚ್ಚಬೇಕು. ಆಮೇಲೆ ಡಯಾಫ್ರಮ್ ಬಿಚ್ಚಿಟ್ಟು ಕಾರ್ಬ್ ಕ್ಲೀನರ್‌ನಿಂದ ತೊಳೆದು, ಪ್ರತಿ ದಾರಿಗೂ ಗಾಳಿ ಊದಿ. ಡಯಾಫ್ರಮ್ ಇರುವಾಗಲೇ ಕ್ಲೀನರ್ ಹೊಡೆದರೆ ರಬ್ಬರ್ ಉಬ್ಬಿಹೋಗುತ್ತದೆ.

5. ಪಂಪು ಕೂರಿಸಿ

ಚೋಕ್ ಗುಂಡಿ ಇದ್ದ ತೂತೇ ಸಾಕು, ಬೇಕಾದರೆ ಚೂರು ದೊಡ್ಡದು ಮಾಡಿ. ಹಿಂದುಗಡೆ ಪೈಪು ಬಗ್ಗದೆ ಬರಲು ಜಾಗ ಇದೆಯೇ ಎಂದು ಕೊರೆಯುವ ಮೊದಲೇ ನೋಡಿ. ವಾಷರ್ ಹಾಕಿ ಬಿಗಿಯಿರಿ. ಪಂಪಿನ ಎರಡು ಮೂತಿಗಳಲ್ಲಿ ಯಾವುದು ಒಳಕ್ಕೆ, ಯಾವುದು ಹೊರಕ್ಕೆ ಎಂದು ತಿಳಿಯಲು ಬೆರಳು ಸಾಕು: ಗುಂಡಿ ಎಳೆದಾಗ ಬೆರಳನ್ನು ಹೀರುವುದು ಒಳಮೂತಿ, ಒತ್ತಿದಾಗ ಊದುವುದು ಹೊರಮೂತಿ.

6. ಪೆಟ್ರೋಲ್ ಎಲ್ಲಿಂದ ತೆಗೆದುಕೊಳ್ಳಬೇಕು?

ಜಾಸ್ತಿ ಜನ ತಪ್ಪುವುದು ಇಲ್ಲಿ. ಟ್ಯಾಂಕಿನಿಂದ ಮೂರು ಪೈಪು ಬರುತ್ತವೆ ಅಂದುಕೊಳ್ಳಿ: ಆನ್, ರಿಸರ್ವ್, ವಾಪಸ್.

ವಾಪಸ್ ಪೈಪಿಗೆ ಟೀ ಹಾಕುವುದು ಸುರಕ್ಷಿತ ಎಂದು ಅನ್ನಿಸಬಹುದು. ಆದರೆ ಅದರ ತುದಿ ಟ್ಯಾಂಕಿನ ಮೇಲ್ಭಾಗದಲ್ಲಿ ಬಯಲಿಗೆ ತೆರೆದಿರುತ್ತದೆ. ನಿಂತ ಸ್ಕೀಯಲ್ಲಿ ಪಂಪು ಎಳೆದರೆ ಬರುವುದು ಬರೀ ಗಾಳಿ. ಎಬ್ಬಿಸಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಆನ್ ಪೈಪಿಗೆ, ಫಿಲ್ಟರ್ ಆದ ಮೇಲೆ ಹಾಕಿದರೆ ಶುದ್ಧ ಪೆಟ್ರೋಲ್ ಸಿಗುತ್ತದೆ. ನಲ್ಲಿ ಮುಚ್ಚಿದರೆ ಪ್ರೈಮರೂ ಮುಚ್ಚುತ್ತದೆ. ಆದರೆ ಆ ಟೀ, ಆ ಪಂಪು ಎಲ್ಲಾದರೂ ಗಾಳಿ ಎಳೆದರೆ ಆ ಗಾಳಿ ಕಾರ್ಬಿಗೇ ಹೋಗುತ್ತದೆ. ಇಲ್ಲಿ ಪೈಪಿನಿಂದ ಪೆಟ್ರೋಲ್ ಸೋರುವುದಿಲ್ಲ, ಪೈಪೇ ಗಾಳಿ ಹೀರುತ್ತದೆ. ಹಾಗಾಗಿ ಒದ್ದೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಒಂದು ದಿನ ಕೆರೆಯ ಮಧ್ಯೆ ಪೂರ್ತಿ ಥ್ರಾಟಲ್‌ನಲ್ಲಿ ಸೀಜ್ ಆದಾಗಲೇ ಗೊತ್ತಾಗುವುದು.

ಅದಕ್ಕೇ ನಾನು ರಿಸರ್ವ್ ಪೈಪಿಗೆ, ಟ್ಯಾಂಕ್ ಮತ್ತು ನಲ್ಲಿಯ ನಡುವೆ ಟೀ ಹಾಕುತ್ತೇನೆ. ನಲ್ಲಿ ಆನ್‌ನಲ್ಲಿರುವಾಗ ಆ ಪೈಪಿಗೂ ಕಾರ್ಬಿಗೂ ಸಂಬಂಧವೇ ಇಲ್ಲ, ಜಾಯಿಂಟ್ ಗಾಳಿ ಎಳೆದರೂ ಎಂಜಿನ್‌ಗೆ ಮುಟ್ಟುವುದಿಲ್ಲ. ರಿಸರ್ವ್ ಪೈಪಿನ ತುದಿ ತಳದಲ್ಲಿರುವುದರಿಂದ ಪೆಟ್ರೋಲ್ ಎಷ್ಟೇ ಕಡಿಮೆ ಇದ್ದರೂ ಪ್ರೈಮರ್‌ಗೆ ಸಿಗುತ್ತದೆ. ಇದಕ್ಕೂ ಎರಡು ಕೊರತೆ ಇವೆ. ಟ್ಯಾಂಕಿಗೆ ನೀರು ಸೇರಿದ್ದರೆ ಅದು ಕೂರುವುದು ತಳದಲ್ಲೇ, ಪ್ರೈಮರ್ ಮೊದಲು ಎತ್ತುವುದು ಅದನ್ನೇ. ಇನ್ನೊಂದು, ಟೀ ಇರುವುದು ನಲ್ಲಿಗಿಂತ ಹಿಂದೆ. ನಲ್ಲಿ ಮುಚ್ಚಿದರೂ ಪ್ರೈಮರ್ ಟ್ಯಾಂಕಿಗೆ ತೆರೆದೇ ಇರುತ್ತದೆ. ಲಾಕ್ ಆಗುವ ಗುಂಡಿ ಬೇಕು ಅಂದಿದ್ದು ಇದಕ್ಕೇ. ಟೀ ಮತ್ತು ಪಂಪಿನ ನಡುವೆ ಆ ಪುಟ್ಟ ಫಿಲ್ಟರ್ ಹಾಕಿ.

ಪಂಪಿನಿಂದ ಹೊರಟ ಪೈಪು ಇನ್ನೊಂದು ಟೀ ಸೇರಿ ಎರಡಾಗುತ್ತದೆ. ಅಲ್ಲಿಂದ ಎರಡು ನಾಜಲ್‌ಗೆ ಹೋಗುವ ತುಂಡುಗಳು ಒಂದೇ ಉದ್ದ ಇರಲಿ. ಎಕ್ಸಾಸ್ಟ್ ಪೈಪಿಗೆ, ಬ್ಯಾಟರಿ ಟರ್ಮಿನಲ್‌ಗೆ ತಾಗದಂತೆ ಕಟ್ಟಿ. ಪ್ರತಿ ಜಾಯಿಂಟಿಗೂ ಕ್ಲಿಪ್ ಹಾಕಿ. “ಟೈಟಾಗಿದೆ, ಬೇಡ” ಅನ್ನಿಸುವ ಜಾಯಿಂಟಿಗೂ ಹಾಕಿ.

7. ಎರಡು ಲೋಟದ ಪರೀಕ್ಷೆ

ಕಾರ್ಬ್ ಇನ್ನೂ ಹೊರಗಿರುವಾಗಲೇ ಇದನ್ನು ಮಾಡಿ. ನಾಜಲ್‌ಗೆ ಹೋಗುವ ಎರಡು ಪೈಪುಗಳ ತುದಿಯನ್ನು ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಇಳಿಬಿಡಿ. ಮನೆಯವರು ಮತ್ತೆ ಕೇಳದಂಥ ಹಳೇ ಲೋಟ ಆಗಲಿ. ನಿಧಾನಕ್ಕೆ ಪಂಪು ಮಾಡಿ. ಮೊದಲ ಕೆಲವು ಸಲ ಗಾಳಿ, ಆಮೇಲೆ ಗುಳ್ಳೆ, ಆಮೇಲೆ ಪೆಟ್ರೋಲ್. ಸರಾಗವಾಗಿ ಬರಲು ಶುರುವಾದ ಮೇಲೆ ಲೋಟ ಖಾಲಿ ಮಾಡಿ, ಎಣಿಸಿ ಹತ್ತು ಸಲ ಒತ್ತಿ. ಎರಡು ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಒಂದರಲ್ಲಿ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಆ ಕಡೆ ಪೈಪು ಬಾಗಿದೆ ಅಥವಾ ಕಸ ಸಿಕ್ಕಿದೆ. ಹಾಗೇ ಬಿಟ್ಟರೆ ಒಂದು ಸಿಲಿಂಡರ್ ಒಣಗಿ ಇನ್ನೊಂದು ಮುಳುಗುತ್ತದೆ.

ಲೋಟಗಳನ್ನು ಅಲ್ಲೇ ಬಿಟ್ಟು, ಗುಂಡಿ ಲಾಕ್ ಮಾಡಿ ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಹನಿ ಬೀಳುತ್ತಿದ್ದರೆ ಪಂಪಿನ ವಾಲ್ವ್ ಸೋರುತ್ತಿದೆ. ಪಂಪು ಬದಲಿಸಿ. ಲೋಟದ ತಳದಲ್ಲಿ ಗುಂಡುಗುಂಡಾಗಿ ನೀರಿನ ಹನಿ ಕಂಡರೆ ಟ್ಯಾಂಕ್ ತೊಳೆಯಬೇಕಾಗಿದೆ ಎಂದು ಅರ್ಥ.

8. ಜೋಡಿಸಿ, ಸ್ಟಾರ್ಟ್ ಮಾಡಿ

ತುರುಕಿದ ಬಟ್ಟೆ ಹೊರತೆಗೆಯಿರಿ. (ಇದನ್ನೂ ಬರೆಯಬೇಕಾ ಎಂದು ನಗಬೇಡಿ.) ಹೊಸ ಗ್ಯಾಸ್ಕೆಟ್, ಕಾರ್ಬ್, ಪೈಪುಗಳು, ಕೇಬಲ್, ಫ್ಲೇಮ್ ಅರೆಸ್ಟರ್. ಥ್ರಾಟಲ್ ಒತ್ತಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಬರಬೇಕು. ಚೆಲ್ಲಿದ ಪೆಟ್ರೋಲ್ ಒರೆಸಿ, ಹೊಟ್ಟೆಯೊಳಗೆ ಗಾಳಿ ಆಡಲು ಬಿಟ್ಟು, ಎಲ್ಲಕ್ಕಿಂತ ಕೊನೆಗೆ ಬ್ಯಾಟರಿ ಜೋಡಿಸಿ.

ಮೂರರಿಂದ ಐದು ಪಂಪು ಸಾಕು. ಒತ್ತುವಾಗ ಥ್ರಾಟಲ್ ಸ್ವಲ್ಪ ತೆರೆದು ಹಿಡಿಯಿರಿ, ಇಲ್ಲದಿದ್ದರೆ ಪೆಟ್ರೋಲ್ ಮುಚ್ಚಿದ ಥ್ರಾಟಲ್ ತಗಡಿನ ಮುಂದೆ ನಿಂತುಬಿಡುತ್ತದೆ. ಸ್ಟಾರ್ಟರ್ ಒಂದು ಸಲಕ್ಕೆ 5 ಸೆಕೆಂಡ್ ಮೀರಬೇಡಿ, ನಡುವೆ 15 ಸೆಕೆಂಡ್ ಬಿಡಿ. ಎದ್ದು ತಕ್ಷಣ ಆಫ್ ಆದರೆ ಇನ್ನೊಂದೆರಡು ಪಂಪು. ಎಂಜಿನ್ ಮುಗ್ಗರಿಸಿದಾಗೆಲ್ಲ ಒಂದೊಂದು ಪಂಪು ಕೊಟ್ಟರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.

ನೆಲದ ಮೇಲೆ, ನೀರಿಲ್ಲದೆ 15 ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ. ಹೋಸ್ ಪೈಪು ಜೋಡಿಸಿದ್ದರೆ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಇಳಿಯುತ್ತದೆ.

ದಿನಬಳಕೆಯಲ್ಲಿ

ಬಿಸಿ ಎಂಜಿನ್‌ಗೆ ಪ್ರೈಮರ್ ಬೇಡ. ಪಂಪ್ ಸ್ಟೌ ಕಾಲದಿಂದ ಬಂದ ಅಭ್ಯಾಸವೋ ಏನೋ, ಗುಂಡಿ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಜಾಸ್ತಿ ಹೋದರೆ ಸ್ಪಾರ್ಕ್ ಪ್ಲಗ್ ಒದ್ದೆಯಾಗಿ ಎಂಜಿನ್ ಮುಳುಗುತ್ತದೆ. ಆಗ ಥ್ರಾಟಲ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ತಿರುಗಿಸಿ. ಆಗಲೂ ಏಳದಿದ್ದರೆ ಪ್ಲಗ್ ಬಿಚ್ಚಿ ಒರೆಸಬೇಕು. ಪ್ಲಗ್ ಬಿಚ್ಚಿ ಸ್ಟಾರ್ಟರ್ ಹೊಡೆಯುವಾಗ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಪ್ಲಗ್ ವೈರುಗಳನ್ನು ಎಂಜಿನ್ ಮೈಗೆ ಅರ್ತ್ ಮಾಡಿರಬೇಕು. ಒಂದು ಕಿಡಿ ಹಾರಿದರೂ ಅನಾಹುತ.

ಆಯಿಲ್ ಬೇರೆ ಟ್ಯಾಂಕಿನಿಂದ ಬರುವ ಸ್ಕೀಗಳಲ್ಲಿ ಇನ್ನೂ ಹುಷಾರು. ಸೂಪರ್‌ಜೆಟ್‌ನಲ್ಲಿ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಟ್ಯಾಂಕಿನಲ್ಲೇ ಬೆರೆಸಿರುತ್ತೇವೆ, ಪ್ರೈಮರ್ ಚಿಮ್ಮಿಸುವುದರಲ್ಲೂ ಆಯಿಲ್ ಇರುತ್ತದೆ. ಆಯಿಲ್ ಪಂಪು ಇರುವ ಸ್ಕೀಯಲ್ಲಿ ಟ್ಯಾಂಕಿನಲ್ಲಿರುವುದು ಬರೀ ಪೆಟ್ರೋಲ್. ಅದನ್ನು ಸುರಿದಷ್ಟೂ ಸಿಲಿಂಡರಿನ ಆಯಿಲ್ ಪಸೆ ತೊಳೆದುಹೋಗುತ್ತದೆ.

ಮೊದಲ ನಾಲ್ಕೈದು ಸವಾರಿಯಲ್ಲಿ ಕಿವಿ ತೆರೆದಿಟ್ಟಿರಿ. ಥ್ರಾಟಲ್ ಬಿಟ್ಟರೂ ಎಂಜಿನ್ ಸದ್ದು ಇಳಿಯದೆ ಮೇಲೇ ತೂಗಾಡಿದರೆ ಎಲ್ಲೋ ಗಾಳಿ ಸೇರುತ್ತಿದೆ. ತಕ್ಷಣ ನಿಲ್ಲಿಸಿ. ಪ್ಲಗ್ ಬೆಳ್ಳಗಾಗಿದ್ದರೆ ಅನುಮಾನವೇ ಇಲ್ಲ. ಇದಕ್ಕೆ ವಿರುದ್ಧವಾಗಿ ಎಂಜಿನ್ ಉಸಿರುಕಟ್ಟಿದ ಹಾಗೆ ಮಾಡಿ, ಹೊಗೆ ಜಾಸ್ತಿಯಾಗಿ, ಪ್ಲಗ್ ಒದ್ದೆ ಇದ್ದರೆ ಪ್ರೈಮರ್‌ನಿಂದ ಪೆಟ್ರೋಲ್ ತಾನಾಗಿ ಎಳೆದುಕೊಳ್ಳುತ್ತಿದೆ. ಗುಂಡಿ ಲಾಕ್ ಆಗಿದೆಯಾ ಮೊದಲು ನೋಡಿ. ಗುಂಡಿ ಸರಿ ಇದ್ದರೆ ಕಾರ್ಬಿಗೆ ಹೋಗುವ ಪ್ರೈಮರ್ ಪೈಪನ್ನು ಕ್ಲಿಪ್ ಹಾಕಿ ಅದುಮಿ ಓಡಿಸಿ. ತೊಂದರೆ ಮಾಯವಾದರೆ ಪಂಪಿನದೇ ತಪ್ಪು.

ಓಡುತ್ತಾ ಓಡುತ್ತಾ ಎಂಜಿನ್ ಸೊರಗಿದಾಗ ಒಂದು ಪಂಪು ಒತ್ತಿ ನೋಡಿ. ಚುರುಕಾದರೆ ಕಾರ್ಬಿಗೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಕೆಟ್ಟರೆ ಪೆಟ್ರೋಲ್ ಈಗಾಗಲೇ ಜಾಸ್ತಿ ಇದೆ. ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲೇ ಅರ್ಧ ರೋಗ ಗೊತ್ತಾದ ಹಾಗೆ. ಪೆಟ್ರೋಲ್ ಪಂಪು ಕೈಕೊಟ್ಟು ನೀರಿನ ಮಧ್ಯೆ ನಿಂತಾಗ ಒಂದು ಕೈಯಲ್ಲಿ ಪ್ರೈಮರ್ ಒತ್ತುತ್ತಾ ನಿಧಾನಕ್ಕೆ ದಡ ಸೇರಲೂಬಹುದು. ಥ್ರಾಟಲ್ ಮಾತ್ರ ಕಡಿಮೆಯಲ್ಲೇ ಇರಲಿ.

ಸೀಸನ್ ಮುಗಿದು ಸ್ಕೀ ಒಳಗಿಡುವಾಗ ಪ್ರೈಮರ್ ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿ. ಮೆತ್ತಗೆ ಬಾಗಿದರೆ ಇನ್ನೊಂದು ವರ್ಷಕ್ಕೆ ಸಾಕು. ಹಳದಿಯಾಗಿ ಗಡುಸಾಗಿದ್ದರೆ, ತುದಿಯಲ್ಲಿ ಸೀಳು ಕಂಡರೆ, ಆಗಲೇ ಬದಲಿಸಿ. ಆ ಪೈಪು ಮೊಳಕ್ಕೆ ಇಷ್ಟು ಅಂತ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವಾಗಲೇ ಎರಡು ಮೊಳ ಜಾಸ್ತಿ ತಂದು ಟೂಲ್ ಬಾಕ್ಸಿನಲ್ಲಿ ಸುತ್ತಿಟ್ಟಿರಿ.